ಮಾಣಿಗೆ ಬಂದ ಎಪ್ಪತ್ನಾಲ್ಕು

ಎರಡು ವರ್ಷದ ಹಿಂದೆ, ಪುನರ್ವಸು ಮಳೆ ಹಿಡಿದು ಹೊಯ್ತಾ ಇದ್ದ ದಿನ ಅಕ್ಕ ಫೋನ್ ಮಾಡಿದ್ಲು. ಅವಳ ಮನೆ ತೀರ್ಥಹಳ್ಳಿಯಿಂದ ಇನ್ನೂ ಒಳಗೆ, ಕರೆಂಟ್ ಹೋಗಿ ಎರಡು ದಿನ ಆಗಿತ್ತಂತೆ, ಫೋನಲ್ಲಿ ಚಾರ್ಜ್ ಇಲ್ಲ ಅಂತ ಗಡಿಬಿಡೀಲಿ ಒಂದೇ ಉಸಿರಿಗೆ ಹೇಳಿದ್ಲು, "ಮಾಣಿ ರಿಪೋರ್ಟ್ ಬಂತು ಮಾರಾಯ, ಐಕ್ಯೂ ಎಪ್ಪತ್ನಾಲ್ಕು ಅಂತ ಬರ್ದಿದಾರೆ. ಎಂತದು ಇದು, ಪಾಸಾ ಫೇಲಾ?" ನಾನು ಬಾಯಿ ತೆಗೆಯೋಷ್ಟ್ರಲ್ಲಿ ಫೋನ್ ಆಫ್ ಆಯ್ತು.

ಮಾಣಿ ಅಂದ್ರೆ ಅವಳ ಮಗ, ಆಗ ಎಂಟು ವರ್ಷ, ಮೂರನೇ ಕ್ಲಾಸು. ಮಾತು ಚುರುಕು, ತೋಟದಲ್ಲಿ ಯಾವ ಮರಕ್ಕೆ ಕೊಳೆ ಬಂದಿದೆ ಅಂತ ಭಾವನಿಗಿಂತ ಮೊದ್ಲು ಹೇಳ್ತಾನೆ, ಆದ್ರೆ ಓದೋಕೆ ಬರ್ತಿರಲಿಲ್ಲ. ಒತ್ತಕ್ಷರ ಬಂತು ಅಂದ್ರೆ ಪುಸ್ತಕ ಮುಚ್ಚಿಟ್ಟು ಓಡಿಹೋಗೋನು. ಸ್ಕೂಲಿನವರು "ಒಂದ್ಸಲ ಐಕ್ಯೂ ಟೆಸ್ಟ್, ಅಂದ್ರೆ ಬುದ್ಧಿ ಅಳೆಯೋ ಪರೀಕ್ಷೆ, ಮಾಡಿಸ್ಕೊಂಡು ಬನ್ನಿ" ಅಂದಿದ್ರು, ಇವರು ಹೋಗಿ ಮಾಡಿಸ್ಕೊಂಡು ಬಂದಿದ್ರು.

ನಾನು ಶಿವಮೊಗ್ಗದಲ್ಲಿ ಡಿಗ್ರಿ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡೋನು. ನಾರ್ಮಲ್ ಕರ್ವ್ ಬಂದಾಗೆಲ್ಲ ಐಕ್ಯೂ ಉದಾಹರಣೆ ಕೊಡೋದು ನನ್ನ ಅಭ್ಯಾಸ, ಮೀನ್ (ಸರಾಸರಿ) 100, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಹರಡಿರೋ ಅಳತೆ) 15, ಮಕ್ಕಳಿಗೆ ಲೆಕ್ಕ ಸುಲಭ. ಅವತ್ತು ರಾತ್ರಿ ಅದೇ ಲೆಕ್ಕ ನಮ್ಮ ಮಾಣಿದು ಹಾಕಿದೆ. ನೂರಕ್ಕಿಂತ 26 ಕಮ್ಮಿ, ಅದನ್ನ 15ರಿಂದ ಭಾಗಿಸಿದ್ರೆ 1.73, ಟೇಬಲ್ ನೋಡಿದ್ರೆ ಸುಮಾರು 4ನೇ ಪರ್ಸೆಂಟೈಲ್, ಅಂದ್ರೆ ಅವನ ವಯಸ್ಸಿನ ನೂರು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರೆ ತೊಂಬತ್ತಾರು ಜನ ಅವನಿಗಿಂತ ಮುಂದೆ. ಆಮೇಲೆ ನಿದ್ದೆ ಬರಲಿಲ್ಲ. ಆ ಲೆಕ್ಕದಲ್ಲಿ ನಾನು ಒಂದು ದೊಡ್ಡ ವಿಷಯ ಬಿಟ್ಟಿದ್ದೆ, ಅದು ತಲೆಗೆ ಹೋಗಿದ್ದು ಮುಂದಿನ ಭಾನುವಾರ ಅಪ್ಪಯ್ಯನ ಮಳೆ ಪುಸ್ತಕ ನೋಡಿದಾಗ.

ನಮ್ಮನೆ ಹೊಸನಗರದ ಕಡೆ. ಮಲ್ನಾಡಲ್ಲಿ ತೋಟ ಇರೋ ಸುಮಾರು ಮನೆಗಳಲ್ಲಿ ಮಳೆ ಅಳೆದು ಬರೆದಿಡೋರು ಒಬ್ಬರಾದ್ರೂ ಇರ್ತಾರೆ, ನಮ್ಮನೇಲಿ ಅಪ್ಪಯ್ಯ. ಅವರ ಹತ್ರ ಎರಡು ಮಾಪಕ ಇದೆ, ಒಂದು ಅಂಗಳದಲ್ಲಿ, ಇನ್ನೊಂದು ತೋಟ ದಾಟಿ ಗುಡ್ಡದ ಮೇಲೆ. ಅವತ್ತು ಬೆಳಿಗ್ಗೆ ಅಂಗಳದ್ದು 112 ಮಿಲಿಮೀಟರ್, ಗುಡ್ಡದ್ದು 97. ಅದೇ ರಾತ್ರಿ, ಅದೇ ಮಳೆ, ಮಧ್ಯೆ ಇರೋದು ಒಂದು ತೋಟ ಅಷ್ಟೇ. "ಯಾವ್ದು ಸರಿ ಅಪ್ಪಯ್ಯ?" ಅಂದೆ. "ಗಾಳಿ ಎತ್ಲಾಗಿಂದ ಬೀಸ್ತು ಅನ್ನೋದ್ರ ಮೇಲೆ ಹೋಗ್ತದೆ. ಎರಡೂ ಬರ್ಕೊಳ್ಳೋದು" ಅಂತ ಹೇಳಿ ಎರಡನ್ನೂ ಬರೆದ್ರು.

ಎಪ್ಪತ್ನಾಲ್ಕು ಅನ್ನೋದು ಒಂದು ಮಾಪಕದ ಒಂದು ದಿನದ ಲೆಕ್ಕ. ನಾನು ಅದನ್ನೇ ಮಳೆ ಅಂದ್ಕೊಂಡಿದ್ದೆ.

ಈ ನಂಬರ್ ಹೇಗೆ ಹುಟ್ಟುತ್ತೆ ಅಂತ ಮೊದ್ಲು ಹೇಳ್ತೀನಿ, ಯಾಕಂದ್ರೆ ರಿಪೋರ್ಟ್ ಕೈಗೆ ಕೊಡೋರು ಇದನ್ನ ಹೇಳೋದು ಕಮ್ಮಿ. ಪೇಪರಲ್ಲಿ "ವಾಡಿಕೆ ಮಳೆಗಿಂತ ಶೇಕಡ ಇಷ್ಟು ಹೆಚ್ಚು, ಇಷ್ಟು ಕಮ್ಮಿ" ಅಂತ ಬರುತ್ತಲ್ಲ, ಐಕ್ಯೂ ಕೂಡ ಆ ಜಾತಿಯದ್ದೇ. ಮಗು ಎಷ್ಟು ಪ್ರಶ್ನೆಗೆ ಸರಿ ಉತ್ತರ ಕೊಡ್ತು ಅನ್ನೋ ಕಚ್ಚಾ ಅಂಕ ಒಂದಿರುತ್ತೆ. ಅದನ್ನ ಅದೇ ವಯಸ್ಸಿನ ಬೇರೆ ಮಕ್ಕಳು, ಟೆಸ್ಟ್ ತಯಾರು ಮಾಡೋವಾಗ ಕೂರಿಸಿ ಪರೀಕ್ಷೆ ಮಾಡಿದ್ರಲ್ಲ ಆ ಮಕ್ಕಳು, ತಗೊಂಡ ಅಂಕದ ಪಕ್ಕ ಇಡ್ತಾರೆ. ಆ ಗುಂಪಿನ ಸರಾಸರಿಗೆ 100 ಅಂತ ಹೆಸರಿಡ್ತಾರೆ, ಹರಡುವಿಕೆಗೆ 15 ಅಂತ. ಹಾಗಾಗಿ ನೂರಕ್ಕೆ ಸುಮಾರು 68 ಜನ 85ರಿಂದ 115ರ ಒಳಗೆ ಬರ್ತಾರೆ, 95 ಜನ 70ರಿಂದ 130ರ ಒಳಗೆ. ಇದು ಪ್ರಕೃತಿಯಲ್ಲಿ ಕಂಡುಹಿಡಿದಿದ್ದಲ್ಲ, ಹಾಗೆ ಬರೋ ಹಾಗೆ ಸ್ಕೇಲನ್ನೇ ಕಟ್ಟಿರೋದು.

ಅಂದ್ರೆ ಇದು ತೂಕ ಅಲ್ಲ, ಸಾಲಲ್ಲಿ ನಿಂತ ಜಾಗ. ಮಂಡೀಲಿ ಅಡಿಕೆ ತೂಗಿದ್ರೆ ಎರಡು ಕ್ವಿಂಟಾಲ್ ಅನ್ನೋದು ಒಂದು ಕ್ವಿಂಟಾಲಿನ ಡಬಲ್, ತಕ್ಕಡಿ ಖಾಲಿ ಇದ್ರೆ ಸೊನ್ನೆ. ಐಕ್ಯೂಗೆ ಅಂಥ ಸೊನ್ನೆ ಇಲ್ಲ, 140 ಬಂದೋನು 70 ಬಂದೋನಿಗಿಂತ ಎರಡು ಪಟ್ಟು ಬುದ್ಧಿವಂತ ಅನ್ನೋ ಮಾತಿಗೆ ಅರ್ಥವೇ ಇಲ್ಲ. ಸಾಲಿನ ಲೆಕ್ಕ ಇನ್ನೂ ವಿಚಿತ್ರ, 100ರಿಂದ 109ಕ್ಕೆ ಹೋದ್ರೆ ನೂರು ಜನರಲ್ಲಿ 50ನೇ ಜಾಗದಿಂದ 73ನೇ ಜಾಗಕ್ಕೆ ಹಾರಿದ ಹಾಗೆ, ಅದೇ ಒಂಬತ್ತು ಅಂಕ 74ರಿಂದ 83ಕ್ಕೆ ಆದ್ರೆ 4ರಿಂದ 13ಕ್ಕೆ ಅಷ್ಟೇ.

ಮೊದಲು ಹೀಗಿರಲಿಲ್ಲ. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ, ಥಿಯೋಡೋರ್ ಸಿಮೋನ್ ಇಬ್ಬರೂ 1905ರಲ್ಲಿ ಈ ಥರದ ಮೊದಲ ಪರೀಕ್ಷೆ ಮಾಡಿದಾಗ ಅದರ ಉದ್ದೇಶ ಸ್ಕೂಲಲ್ಲಿ ಹಿಂದೆ ಬೀಳ್ತಿರೋ ಮಕ್ಕಳಲ್ಲಿ ಯಾರಿಗೆ ಹೆಚ್ಚಿನ ಸಹಾಯ ಬೇಕು ಅಂತ ಹುಡುಕೋದು. ಬುದ್ಧಿ ಅನ್ನೋದು ಹುಟ್ಟಿನಿಂದ ಬಂದ, ಕದಲಿಸೋಕಾಗದ ಗಾತ್ರ ಅನ್ನೋ ಮಾತನ್ನ ಬಿನೆ ಬಹಳ ಕಟುವಾಗಿ ವಿರೋಧಿಸಿದ್ರು. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನ ನಿಜ ವಯಸ್ಸಿಂದ ಭಾಗಿಸೋ ಉಪಾಯ ಹೇಳಿದ್ರು, 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನ ನೂರರಿಂದ ಗುಣಿಸಿದ್ರು. ಎಂಟು ವರ್ಷದವನು ಆರು ವರ್ಷದವರ ಮಟ್ಟಕ್ಕೆ ಮಾಡಿದ್ರೆ 75. ಮಕ್ಕಳಿಗೆ ಇದು ಹೇಗೋ ನಡೆಯುತ್ತೆ, ದೊಡ್ಡೋರಿಗೆ ನಡೆಯಲ್ಲ, ಐವತ್ತು ವರ್ಷದವರನ್ನ ಇಪ್ಪತ್ತರ ಮಟ್ಟ ಅಂತ 40 ಕೊಡೋಕಾಗುತ್ತಾ? ಅದಕ್ಕೇ ಡೇವಿಡ್ ವೆಕ್ಸ್ಲರ್ 1939ರ ತಮ್ಮ ಪರೀಕ್ಷೇಲಿ ಭಾಗಾಕಾರ ಬಿಟ್ಟು, ನಾನು ಮೇಲೆ ಹೇಳಿದ ಸಾಲಿನ ಲೆಕ್ಕಕ್ಕೆ ಬಂದ್ರು. ಕನ್ನಡದ ಮಕ್ಕಳಿಗೂ ಇದು ಬೇಗನೇ ಬಂದಿತ್ತು, ವಿ. ವಿ. ಕಾಮತರು ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಬಿನೆ ಪರೀಕ್ಷೆಯನ್ನ ಹೊಂದಿಸಿ 1934ರಲ್ಲಿ ಪ್ರಕಟಿಸಿದ್ರು. ಬಿನೆ-ಕಾಮತ್ ಅನ್ನೋ ಹೆಸರು ಇವತ್ತಿಗೂ ನಮ್ಮ ದೇಶದ ರಿಪೋರ್ಟುಗಳಲ್ಲಿ ಕಾಣುತ್ತೆ.

ಈಗ ಆ ಎರಡು ಮಾಪಕದ ವಿಷಯಕ್ಕೆ ಬರ್ತೀನಿ, ನನಗೆ ಹೇಳಬೇಕಾಗಿರೋದು ಜಾಸ್ತಿ ಇರೋದು ಅಲ್ಲೇ.

ಯಾವ ಪರೀಕ್ಷೆಗೂ ರಿಲಯಬಿಲಿಟಿ, ಅಂದ್ರೆ ಅದರ ಅಂಕವನ್ನ ಎಷ್ಟು ನಂಬಬಹುದು ಅಂತ ಒಂದು ಅಳತೆ ಇರುತ್ತೆ, ಸೊನ್ನೆಯಿಂದ ಒಂದರವರೆಗೆ. 0.91 ಅಂದ್ರೆ ತುಂಬಾ ಒಳ್ಳೇ ಪರೀಕ್ಷೆ ಅಂತ ಲೆಕ್ಕ. ಒಂದರಿಂದ 0.91 ಕಳೆದ್ರೆ 0.09, ಅದರ ವರ್ಗಮೂಲ 0.3, ಅದನ್ನ 15ರಿಂದ ಗುಣಿಸಿದ್ರೆ 4.5. ಇದೇ ಅಳತೆಯ ಸ್ಟ್ಯಾಂಡರ್ಡ್ ಎರರ್. ನೂರಕ್ಕೆ 95ರ ಭರವಸೇಲಿ ಮಾತಾಡಬೇಕು ಅಂದ್ರೆ ಇದರ ಎರಡು ಪಟ್ಟು, ಅಂದ್ರೆ ಆಚೆಗೆ ಒಂಬತ್ತು ಈಚೆಗೆ ಒಂಬತ್ತು. ನಮ್ಮ ಮಾಣಿಯ ಎಪ್ಪತ್ನಾಲ್ಕು ಅನ್ನೋದನ್ನ ಪ್ರಾಮಾಣಿಕವಾಗಿ ಬರೆದಿದ್ರೆ "65ರಿಂದ 83ರ ಒಳಗೆ ಎಲ್ಲೋ" ಅಂತ ಬರೀಬೇಕಿತ್ತು. 65 ಅಂದ್ರೆ ಬೌದ್ಧಿಕ ಅಸಾಮರ್ಥ್ಯಕ್ಕೆ ಸಾಮಾನ್ಯವಾಗಿ ಹಾಕೋ 70ರ ಗೆರೆಗಿಂತ ಕೆಳಗೆ, 83 ಅಂದ್ರೆ ಯಾವ ಕ್ಲಾಸಲ್ಲೂ ನಾಲ್ಕೈದು ಮಕ್ಕಳು ಇರೋ ಮಟ್ಟ. ಇಷ್ಟು ಅಗಲ ಇರೋ ವಿಷಯವನ್ನ ಎರಡು ಅಂಕಿಗೆ ಇಳಿಸಿ ತಾಯಿ ಕೈಗೆ ಕೊಟ್ಟು ಕಳಿಸಿದ್ರು.

ಅದೂ ಈ ಒಂಬತ್ತು ಅನ್ನೋದು ಕಡಿಮೆ ಪಕ್ಷದ್ದು. ರಿಲಯಬಿಲಿಟಿಯನ್ನ ಸಾಮಾನ್ಯವಾಗಿ ಅದೇ ದಿನ, ಅದೇ ಪರೀಕ್ಷೆಯ ಒಳಗಿನ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತೆ ಅಂತ ನೋಡಿ ತೆಗೆದಿರ್ತಾರೆ. ಮಗುವಿಗೆ ಹಿಂದಿನ ವಾರ ಜ್ವರ ಬಂದಿತ್ತಾ, ಬೆಳಿಗ್ಗೆ ಐದೂವರೆ ಬಸ್ಸಿಗೆ ಎಬ್ಬಿಸಿ ಕರ್ಕೊಂಡು ಹೋಗಿದ್ರಾ, ಎದುರಿಗೆ ಕೂತೋರು ಅರ್ಧ ಇಂಗ್ಲಿಷಲ್ಲಿ ಪ್ರಶ್ನೆ ಕೇಳಿದ್ರಾ, ಇದ್ಯಾವ್ದೂ ಆ 4.5ರ ಒಳಗೆ ಇಲ್ಲ. ನಮ್ಮ ಮಾಣಿ ವಿಷಯದಲ್ಲಿ ಈ ಮೂರೂ ಆಗಿತ್ತು. ಅಕ್ಕ ಆಮೇಲೆ ಹೇಳಿದ್ಲು, ಅವನು ಅರ್ಧ ಹೊತ್ತು ಕಿಟಕಿ ಕಡೆ ನೋಡ್ತಾ ಕೂತಿದ್ನಂತೆ, ಯಾಕೆ ಅಂತ ಕೇಳಿದ್ದಕ್ಕೆ "ಅವರು ಹೇಳಿದ್ದು ನಂಗೆ ಗೊತ್ತಾಗ್ಲಿಲ್ಲ ಅಮ್ಮ, ಎರಡ್ನೇ ಸಲ ಕೇಳಕ್ಕೆ ನಾಚಿಕೆ ಆತು" ಅಂದ್ನಂತೆ.

ಒಂದೂವರೆ ವರ್ಷ ಬಿಟ್ಟು ಬೇರೆ ಕಡೆ ತೋರಿಸಿದ್ವಿ. ಈ ಸಲ ಇದ್ದ ಮೇಡಂ ಮೊದ್ಲು ಅರ್ಧ ಗಂಟೆ ಅವನ ಹತ್ರ ತೋಟ, ನಾಯಿ, ಹೊಳೆ ಅಂತ ಮಾತಾಡಿದ್ರು, ಮನೇಲಿ ಯಾವ ಥರ ಕನ್ನಡ ಮಾತಾಡ್ತೀರಿ ಅಂತ ಅಕ್ಕನ್ನ ಕೇಳಿದ್ರು, ಮಧ್ಯೆ ತಿಂಡಿ ತಿನ್ನೋಕೆ ಬಿಟ್ರು. ಬಂದಿದ್ದು 83.

ಮನೇಲಿ ಎಲ್ರಿಗೂ ಖುಷಿಯೋ ಖುಷಿ, ಭಾವ ಪಾಯಸ ಮಾಡ್ಸಿದ್ರು. "ಒಂಬತ್ತು ಜಾಸ್ತಿ ಆತಲ್ಲ, ಇಂಪ್ರೂವ್ ಆಗಿದಾನೆ ಅಲ್ವನಾ?" ಅಂತ ಅಕ್ಕ ಕೇಳಿದ್ಲು. ಅವಳ ಮುಖ ನೋಡ್ತಾ ಹೌದು ಅನ್ನಬೇಕು ಅನ್ನಿಸ್ತು. ಆದ್ರೆ ಎಪ್ಪತ್ನಾಲ್ಕನ್ನ ನಂಬಬೇಡ ಅಂತ ಯಾವ ಲೆಕ್ಕದಿಂದ ಹೇಳಿದ್ನೋ ಅದೇ ಲೆಕ್ಕ ಇಲ್ಲೂ ಇತ್ತಲ್ಲ. ಎರಡು ಅಳತೆಯ ವ್ಯತ್ಯಾಸದಲ್ಲಿ ಎರಡರ ತಪ್ಪೂ ಸೇರುತ್ತೆ, 4.5 ಇದ್ದಿದ್ದು (ಎರಡರ ವರ್ಗಮೂಲದಿಂದ ಗುಣಿಸಿ) 6.4 ಆಗುತ್ತೆ, ಎರಡು ಪಟ್ಟು ಅಂದ್ರೆ ಸುಮಾರು 12.8. ಒಂಬತ್ತು ಅದರ ಒಳಗೇ ಬಂತು. ಮಗು ಒಂಚೂರೂ ಬದಲಾಗದೇ ಇದ್ರೂ ಇಷ್ಟು ಏರಿಳಿತ ಬರಬಹುದು. ಜೊತೆಗೆ, ಕಮ್ಮಿ ಬಂತು ಅನ್ನೋ ಕಾರಣಕ್ಕೇ ಮತ್ತೆ ಅಳೆದ್ರೆ ಎರಡನೇ ಸಲ ಸರಾಸರಿ ಕಡೆಗೆ ಸ್ವಲ್ಪ ಜಾರೋದು ಸಹಜ, ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಪ್ಪ-ಅಮ್ಮ ಮಕ್ಕಳ ಎತ್ತರದ ಲೆಕ್ಕದಲ್ಲಿ ತೋರಿಸಿದ್ದು ಇದನ್ನೇ. ತೀರಾ ಕಮ್ಮಿ ಬಂದ ದಿನದಲ್ಲಿ ಕೆಟ್ಟ ಅದೃಷ್ಟದ ಪಾಲೂ ಇರುತ್ತೆ, ಅದು ಎರಡು ಸಲ ಬರೋದು ಕಮ್ಮಿ.

ಹೇಳಿದೆ ಅಕ್ಕನಿಗೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾರೆ ಮೊದ್ಲೂ ಅಷ್ಟು ಕೆಟ್ಟದಾಗಿರ್ಲಿಲ್ಲ, ಈಗ್ಲೂ ಅಷ್ಟು ಬದಲಾಗಿಲ್ಲ, ನಮ್ಮ ಮಾಣಿ ನಮ್ಮ ಮಾಣೀನೇ" ಅಂದ್ಲು. ನನ್ನ ಕ್ಲಾಸಲ್ಲಿ ಇಷ್ಟು ಚೆನ್ನಾಗಿ ಇದನ್ನ ಹೇಳಿದೋರು ಇಲ್ಲ.

ಇದೇ ಕಾರಣಕ್ಕೆ ಮಿದುಳು ಚುರುಕು ಮಾಡ್ತೀವಿ ಅನ್ನೋ ಕ್ಲಾಸುಗಳ ಜಾಹೀರಾತು ನೋಡಿದ್ರೆ ನನಗೆ ಸಿಟ್ಟು ಬರುತ್ತೆ. ಸೇರೋ ಮುಂಚೆ ಇಷ್ಟಿತ್ತು, ಮೂರು ತಿಂಗಳಾದ ಮೇಲೆ ಇಷ್ಟಾಯ್ತು ಅಂತ ತೋರಿಸ್ತಾರೆ. ಅದರಲ್ಲಿ ಸರಾಸರಿ ಕಡೆ ಜಾರಿದ್ದೆಷ್ಟು, ಅದೇ ಪ್ರಶ್ನೆ ಎರಡನೇ ಸಲ ನೋಡಿ ಅಭ್ಯಾಸ ಆಗಿದ್ದೆಷ್ಟು ಅಂತ ತಿಳೀಬೇಕಾದ್ರೆ ಕ್ಲಾಸಿಗೆ ಸೇರದ ಅಂಥದ್ದೇ ಮಕ್ಕಳ ಗುಂಪೊಂದು ಪಕ್ಕದಲ್ಲಿ ಇರಬೇಕು. ಅದಿಲ್ಲದೆ ಬರೀ ಮುಂಚೆ-ಆಮೇಲೆ ತೋರಿಸಿ ಸಾಲ ಮಾಡಿ ಫೀಸ್ ಕಟ್ಟೋ ಅಪ್ಪ-ಅಮ್ಮನ ಹತ್ರ ದುಡ್ಡು ತಗೊಳ್ಳೋದು ತಪ್ಪು.

ಇನ್ನು ವಾಡಿಕೆ ಅಂದ್ನಲ್ಲ, ಯಾವ ಕಾಲದ ವಾಡಿಕೆ ಅನ್ನೋದೂ ಕೇಳಬೇಕು. ಹವಾಮಾನ ಇಲಾಖೆಯವರು ವಾಡಿಕೆ ಮಳೆ ಲೆಕ್ಕವನ್ನ ಆಗಾಗ ಹೊಸದು ಮಾಡ್ತಾರೆ, ಈಗಿನದ್ದು 1971ರಿಂದ 2020ರವರೆಗಿನ ಮಳೆ ಮೇಲೆ ನಿಂತಿದೆ. ಐಕ್ಯೂ ಪರೀಕ್ಷೆಯ ವಾಡಿಕೆಗೂ ವಯಸ್ಸಾಗುತ್ತೆ. ಜೇಮ್ಸ್ ಫ್ಲಿನ್ 1984ರಲ್ಲಿ ಅಮೆರಿಕದ್ದು, 1987ರಲ್ಲಿ ಹದಿನಾಲ್ಕು ದೇಶದ್ದು ಒಟ್ಟು ಹಾಕಿ ತೋರಿಸಿದ್ರು, ಒಂದೇ ಪರೀಕ್ಷೇಲಿ ತಲೆಮಾರಿಂದ ತಲೆಮಾರಿಗೆ ಅಂಕ ಏರ್ತಾ ಹೋಗ್ತಿದೆ, ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು ಮೂರರ ಹಾಗೆ. ಆ ಲೆಕ್ಕದಲ್ಲಿ ಮೂವತ್ತು ವರ್ಷ ಹಳೇ ವಾಡಿಕೆಯಲ್ಲಿ 79 ಬಂದ ಮಗುವಿಗೆ ಹೊಸ ವಾಡಿಕೆಯಲ್ಲಿ 70 ಬರಬಹುದು. ಮಗು ಅದೇ. ನಮ್ಮಲ್ಲಿ ಇವತ್ತಿಗೂ ಓಡಾಡೋ ಮಾಲಿನ್ ಪರೀಕ್ಷೆ 1969ರದ್ದು, ಅದು ವೆಕ್ಸ್ಲರ್ 1949ರಲ್ಲಿ ಮಕ್ಕಳಿಗೆ ಮಾಡಿದ್ದನ್ನ ಭಾರತಕ್ಕೆ ಹೊಂದಿಸಿದ್ದು. ನಮ್ಮಜ್ಜಿ ಮದುವೆಯಾದ ಕಾಲದ ಮಕ್ಕಳ ಪಕ್ಕ ಇವತ್ತಿನ ಮಗುವನ್ನ ನಿಲ್ಲಿಸಿ ಗೆರೆ ಎಳೆದ ಹಾಗೆ.

ಗೆರೆ ಅಂದಾಗ ನೆನಪಾಗೋದು ಅಮೆರಿಕದ ಒಂದು ಕೇಸು. 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೌದ್ಧಿಕ ಅಸಾಮರ್ಥ್ಯ ಇರೋರಿಗೆ ಮರಣದಂಡನೆ ಕೊಡಬಾರದು ಅಂತ ಹೇಳ್ತು. ಫ್ಲೋರಿಡಾ ರಾಜ್ಯ ಇದಕ್ಕೆ 70 ಅಂತ ಗೆರೆ ಹಾಕಿತ್ತು, 70ಕ್ಕಿಂತ ಮೇಲೆ ಬಂದ್ರೆ ಬೇರೆ ಯಾವ ಪುರಾವೇನೂ ನೋಡಲ್ಲ ಅಂತ. ಫ್ರೆಡ್ಡಿ ಲೀ ಹಾಲ್ ಅನ್ನೋ ಕೈದಿಗೆ ಬಂದಿದ್ದು 71. 2014ರಲ್ಲಿ ಅದೇ ಸುಪ್ರೀಂ ಕೋರ್ಟ್, ಐದು ಜನ ಒಂದು ಕಡೆ ನಾಲ್ಕು ಜನ ಒಂದು ಕಡೆ ಆಗಿ, ಇದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಡ್ತು. ಐಕ್ಯೂ ಅನ್ನೋದು ಒಂದು ರೇಂಜ್, ಒಂದೇ ಅಂಕಿ ಅಲ್ಲ, ಅಳತೆಯ ತಪ್ಪನ್ನ ಗಣನೆಗೆ ತಗೊಳ್ಳಲೇಬೇಕು ಅಂತ. ಕ್ಲಾಸಲ್ಲಿ ಸ್ಟ್ಯಾಂಡರ್ಡ್ ಎರರ್ ಪಾಠ ಮಾಡೋವಾಗ ಈಗ ನಾನು ಇದನ್ನೇ ಹೇಳೋದು. ಒಬ್ಬ ಮನುಷ್ಯನ ಜೀವ ವರ್ಗಮೂಲದೊಳಗಿನ ಒಂದು ಲೆಕ್ಕದ ಮೇಲೆ ನಿಂತಿತ್ತು.

ನಮ್ಮಲ್ಲಿ ಗೆರೆ ಬೇರೆ ಥರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಅದರಲ್ಲಿ ಕಲಿಕೆಯ ನಿರ್ದಿಷ್ಟ ತೊಂದರೆ, ಅಂದ್ರೆ ಓದೋಕೆ ಬರೆಯೋಕೆ ಆಗೋ ತೊಂದರೆಯೂ ಸೇರಿದೆ, ಇದು ನಿಜಕ್ಕೂ ದೊಡ್ಡ ವಿಷಯ. ಆದ್ರೆ 2018ರಲ್ಲಿ ಬಂದ ಮಾರ್ಗಸೂಚಿಯಲ್ಲಿ ಮೊದ್ಲು ಐಕ್ಯೂ ನೋಡಿ, 85ಕ್ಕಿಂತ ಹೆಚ್ಚಿದ್ರೆ ಮಾತ್ರ ಓದು-ಬರಹದ ಪರೀಕ್ಷೆಗೆ ಮುಂದೆ ಹೋಗಿ ಅಂತ ಇತ್ತು. ಇತ್ತ 70ರ ಕೆಳಗೆ ಬಂದ್ರೆ ಬೌದ್ಧಿಕ ಅಸಾಮರ್ಥ್ಯ ಇದೆಯಾ ಅಂತ ನೋಡ್ತಾರೆ. ನಡುವೆ 71ರಿಂದ 85ರವರೆಗೆ ಬಿದ್ದ ಮಕ್ಕಳು ಎಲ್ಲಿಗೆ? ನಾರ್ಮಲ್ ಕರ್ವ್ ಪ್ರಕಾರ ನೂರಕ್ಕೆ ಹದಿಮೂರು ಹದಿನಾಲ್ಕು ಮಕ್ಕಳು ಅಲ್ಲಿರ್ತಾರೆ. ನಮ್ಮ ಮಾಣಿ 74ರಲ್ಲೂ ಅಲ್ಲೇ, 83ರಲ್ಲೂ ಅಲ್ಲೇ. 83ಕ್ಕೆ ಆಚೆ ಈಚೆ ಒಂಬತ್ತು ಹಾಕಿದ್ರೆ 92ರವರೆಗೂ ಹೋಗುತ್ತೆ, 85 ಅದರ ಹೊಟ್ಟೆಯೊಳಗೇ ಇದೆ. ಅಲ್ಲಿ ಕೋರ್ಟ್ ಹೇಳಿದ ಮಾತು ಇಲ್ಲಿ ಓದೋ ತೊಂದರೆ ಇರೋ ಒಂದು ಮಗುವಿಗೆ ಪರೀಕ್ಷೇಲಿ ಸಿಗೋ ಹೆಚ್ಚುವರಿ ಟೈಮಿಗೂ ಅನ್ವಯಿಸಬೇಕು ಅಂತ ನಾನು ನಂಬ್ತೀನಿ.

ಆ ಮೇಡಂ ಇನ್ನೊಂದು ಕೆಲಸ ಮಾಡಿದ್ರು, ಒಟ್ಟು ನಂಬರ್ ಪಕ್ಕಕ್ಕಿಟ್ಟು ಬಿಡಿ ಭಾಗಗಳನ್ನ ತೋರಿಸಿದ್ರು. ಸರಾಸರಿ 10 ಇರೋ ಕಡೆ ಬ್ಲಾಕ್ ಜೋಡಿಸೋದ್ರಲ್ಲಿ ಮಾಣಿಗೆ 12, ಕೇಳಿದ ಅಂಕಿಗಳನ್ನ ನೆನಪಿಟ್ಟು ಹೇಳೋದ್ರಲ್ಲಿ 5. ಶಿವಮೊಗ್ಗ ಜಿಲ್ಲೆಯ ಸರಾಸರಿ ಮಳೆ ಇಷ್ಟು ಅಂತ ಪೇಪರಲ್ಲಿ ಬರುತ್ತೆ, ಆದ್ರೆ ಆ ಮಳೆ ಹೊಸನಗರದಲ್ಲೂ ಬೀಳಲ್ಲ, ಶಿಕಾರಿಪುರದಲ್ಲೂ ಬೀಳಲ್ಲ, ಒಂದು ಕಡೆ ಅದಕ್ಕಿಂತ ಎಷ್ಟೋ ಹೆಚ್ಚು, ಇನ್ನೊಂದು ಕಡೆ ಕಮ್ಮಿ. 83 ಅನ್ನೋದೂ ಹಾಗೇ. ಬಿಡಿ ಭಾಗದ ಅಂಕಗಳಿಗೆ ತಪ್ಪಿನ ಅಗಲ ಇನ್ನೂ ಜಾಸ್ತಿ, ಅದನ್ನ ಮೇಡಮ್ಮೇ ಹೇಳಿದ್ರು, "ಇದ್ರ ಮೇಲೆ ನಾನೇನೂ ತೀರ್ಮಾನ ಬರಿಯಲ್ಲ, ಓದಿಸಿ ನೋಡೋಣ" ಅಂತ. ಓದಿಸಿ ನೋಡಿದ್ರು, ಅಕ್ಷರಕ್ಕೂ ದನಿಗೂ ನಂಟು ಕೂಡ್ತಾ ಇಲ್ಲ ಅಂತ ಗೊತ್ತಾಯ್ತು, ವಾರಕ್ಕೆ ಎರಡು ದಿನ ಬೇರೆ ರೀತಿ ಪಾಠ ಶುರು ಆಯ್ತು.

ಐಕ್ಯೂಗೆ ಬೆಲೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ, ಅದು ಸುಳ್ಳಾಗುತ್ತೆ. ಸ್ಕೂಲ್ ಮಾರ್ಕ್ಸಿಗೂ ಐಕ್ಯೂಗೂ ಸುಮಾರು 0.5 ಸಂಬಂಧ (ಸೊನ್ನೆ ಅಂದ್ರೆ ನಂಟೇ ಇಲ್ಲ, ಒಂದು ಅಂದ್ರೆ ಪೂರ್ತಿ ನಂಟು) ಕಾಣುತ್ತೆ, ಮನಶ್ಶಾಸ್ತ್ರದಲ್ಲಿ ಇದು ಸಣ್ಣದಲ್ಲ. ಸಾವಿರ ಮಕ್ಕಳ ಬಗ್ಗೆ ಮಾತಾಡೋವಾಗ ಉಪಯೋಗಕ್ಕೆ ಬರುತ್ತೆ. ಆದ್ರೆ 0.5ರ ವರ್ಗ 0.25, ಒಂದರಿಂದ ಅದನ್ನ ಕಳೆದ್ರೆ 0.75, ಅದರ ವರ್ಗಮೂಲ ಸುಮಾರು 0.87, ಅಂದ್ರೆ ಐಕ್ಯೂ ಗೊತ್ತಿದ್ರೆ ಒಂದು ಮಗುವಿನ ಮಾರ್ಕ್ಸ್ ಊಹೆ ಮಾಡೋದ್ರಲ್ಲಿ ನಮ್ಮ ತಪ್ಪಿನ ಅಗಲ ನೂರಿಂದ 87ಕ್ಕೆ ಇಳಿಯುತ್ತೆ, ಅಷ್ಟೇ. ಒಂದೇ ಮಗುವಿನ ಮುಂದೆ ಕೂತಾಗ ಆ 87 ಎಷ್ಟು ದೊಡ್ಡದು ಅಂತ ನೆನಪಿರಬೇಕು. ಮೇಲಿನ ತುದಿಯಲ್ಲೂ ಅದೇ ಕಷ್ಟ. ವೆಕ್ಸ್ಲರ್ ಮಕ್ಕಳ ಪರೀಕ್ಷೆಯ ಐದನೇ ಆವೃತ್ತಿಗೆ ಅಮೆರಿಕದಲ್ಲಿ 2,200 ಮಕ್ಕಳನ್ನ ತಗೊಂಡಿದ್ರು, ಒಂದೊಂದು ವಯಸ್ಸಿಗೆ 200ರ ಹಾಗೆ. 160 ಅನ್ನೋದು ಸುಮಾರು ಮೂವತ್ತೊಂದು ಸಾವಿರಕ್ಕೆ ಒಬ್ಬರಿಗೆ ಬರೋದು. ಇನ್ನೂರು ಮಕ್ಕಳನ್ನ ನೋಡಿ ಮೂವತ್ತೊಂದು ಸಾವಿರದಲ್ಲಿ ಒಬ್ಬರನ್ನ ಅಳೆಯೋದು ಕರ್ವ್ ಅನ್ನ ಕೈಯಲ್ಲಿ ಎಳೆದು ಉದ್ದ ಮಾಡಿದ ಹಾಗೆ, ಆನ್‌ಲೈನಲ್ಲಿ ಇಪ್ಪತ್ತು ಪ್ರಶ್ನೆಗೆ 160 ಕೊಡೋದನ್ನಂತೂ ಲೆಕ್ಕಕ್ಕೇ ತಗೋಬೇಡಿ.

ಈ ಜೂನಲ್ಲಿ ಮಾಣಿಯನ್ನ ಬೇರೆ ಸ್ಕೂಲಿಗೆ ಹಾಕಿದ್ವಿ. ಅಡ್ಮಿಷನ್ ಫಾರಂನಲ್ಲಿ ಐಕ್ಯೂ ಅಂತ ಒಂದು ಕಾಲಂ ಇತ್ತು, ಅಕ್ಕ ಪೆನ್ ನನ್ನ ಕೈಗೆ ಕೊಟ್ಲು. "83, 74ರಿಂದ 92" ಅಂತ ಬರೆದೆ. ಆಫೀಸಿನಲ್ಲಿದ್ದೋರು ನೋಡಿ, "ಸರ್, ಇದ್ರಲ್ಲಿ ಯಾವ್ದು ಹಾಕ್ಲಿ? ಕಂಪ್ಯೂಟರಲ್ಲಿ ಒಂದೇ ನಂಬರ್ ತಗೊಳ್ಳುತ್ತೆ" ಅಂದ್ರು. ಕಾಲಂ ಖಾಲಿ ಬಿಡೋಕೆ ಬರುತ್ತಾ ಅಂತ ಕೇಳಿದೆ, ಬರುತ್ತೆ ಅಂದ್ರು. ಖಾಲಿ ಬಿಡಿ, ಮೇಡಂ ಬರೆದ ನಾಲ್ಕು ಪೇಜ್ ರಿಪೋರ್ಟ್ ಜೆರಾಕ್ಸ್ ಫೈಲಲ್ಲಿ ಇಡಿ, ಅವನ ಕ್ಲಾಸ್ ಟೀಚರ್ ಓದ್ಲಿ ಅಂದೆ. ಹೊರಗೆ ಬಂದಾಗ ಮಾಣಿ ನೋಟಿಸ್ ಬೋರ್ಡ್ ಮುಂದೆ ನಿಂತಿದ್ದ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸ್ತಾ, "ಪುಸ್... ಪುಸ್ತಕ... ವಿ... ವಿತರಣೆ" ಅಂತ ಓದ್ತಾ ಇದ್ದ.